ಎತ್ತಬಾರದ ಕೈ

ಮೊದಲ ಎರಡು ದಿನ ಬಾಕ್ಸಿಂಗ್ ಗ್ಲೌಸುಗಳೆಲ್ಲ ಒಂದೇ ಪೆಟ್ಟಿಗೆಯಲ್ಲಿದ್ದವು. ಮೂರನೆಯ ದಿನ ಶಟ್ಟೆಪ್ಪ ಬಂದಾಗ ಬಾಗಿಲ ಹಿಂದಿನ ಗೋಡೆಯಲ್ಲಿ ಒಂದು ಹೊಸ ಮೊಳೆ ಇತ್ತು. ಮೊಳೆಗೆ ಒಂದು ಜೊತೆ ಗ್ಲೌಸು ತೂಗುತ್ತಿತ್ತು. ಗುರುತಿಗೆಂದು ಮಣಿಕಟ್ಟಿನ ಹತ್ತಿರ ಗೋಣಿ ಹೊಲಿಯುವ ದಾರ ಸುತ್ತಿದ್ದರು. ಇದು ನಿನ್ನದು ಎಂದು ಯಾರೂ ಹೇಳಲಿಲ್ಲ. ಬೈಲಹೊಂಗಲದ ಮಾದರ ಓಣಿಯಲ್ಲಿ ಹುಟ್ಟಿ ಮೂವತ್ತೆಂಟು ವರ್ಷ ಬದುಕಿದವನಿಗೆ ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅವನು ಮೊಳೆಯಿಂದ ಗ್ಲೌಸು ತೆಗೆದು ಹಾಕಿಕೊಂಡ.

ಪೆಟ್ಟಿಗೆಯಲ್ಲಿ ಉಳಿದದ್ದು ಐದು ಜೊತೆ. ಅವನ್ನು ಹನ್ನೊಂದು ಮಂದಿ ಹಂಚಿಕೊಳ್ಳುತ್ತಿದ್ದರು. ಒಬ್ಬನ ಬೆವರು ಆರುವ ಮೊದಲೇ ಇನ್ನೊಬ್ಬ ಕೈ ತೂರಿಸುತ್ತಿದ್ದ. ಶಟ್ಟೆಪ್ಪನ ಬೆವರು ಅವನೊಬ್ಬನದೇ ಆಗಿತ್ತು.

ಅದು ಕುಡಿತ ಬಿಡಿಸುವ ಕೇಂದ್ರ. ಮಾರುಕಟ್ಟೆ ಅಂಗಳದ ಹಿಂದಿದ್ದ ಹಳೆಯ ಹತ್ತಿ ಗೋದಾಮನ್ನು ಅಡತಿ ವ್ಯಾಪಾರಿ ಅಂದಾನೆಪ್ಪ ಸಾವಕಾರ ಅದಕ್ಕೆ ಬಿಟ್ಟುಕೊಟ್ಟಿದ್ದ. ಅವನ ಮಗ ಬಸವಲಿಂಗ ಧಾರವಾಡದಲ್ಲಿ ಓದಲು ಹೋಗಿ, ಕುಡಿತದ ಜೊತೆಗೆ ನಶೆಯ ಗುಳಿಗೆಗಳನ್ನೂ ಕಲಿತು ಬಂದಿದ್ದ. ಎರಡು ಸಲ ದೊಡ್ಡ ಆಸ್ಪತ್ರೆಗೆ ಹಾಕಿದರೂ ಮಗ ನೆಟ್ಟಗಾಗಲಿಲ್ಲ. ಆಮೇಲೆ ಸಾವಕಾರನಿಗೆ ಊರಿನ ಕುಡುಕರೆಲ್ಲ ನೆನಪಾದರು.

ಔಷಧ ಕೊಡಲು ವಾರಕ್ಕೆರಡು ಸಲ ಡಾಕ್ಟರು ಬರುತ್ತಿದ್ದರು. ಉಳಿದ ದಿನ ಸಂಜೆ ಐದರಿಂದ ಏಳರವರೆಗೆ ಬಾಕ್ಸಿಂಗ್. ಕಲಿಸುವವರು ಕೃಷ್ಣಾಜಿ, ಸೇನೆಯಿಂದ ನಿವೃತ್ತರಾದ ಸುಭೇದಾರರು. ಪಲ್ಟನ್ನಿನಲ್ಲಿ ಬಾಕ್ಸಿಂಗ್ ಆಡಿದವರು. ಪಿಂಚಣಿ ಬರಲು ಶುರುವಾದ ಮೇಲೆ ಅವರೂ ಕುಡಿದು ಹಾಳಾಗಿ, ಬಿಟ್ಟು ಒಂಬತ್ತು ವರ್ಷವಾಗಿತ್ತು.

"ಸಂಜಿ ಐದಕ್ಕ ನಿಮ್ಮ ಕೈ ಏನ ಹುಡಕತಾವು, ನನಗ ಗೊತ್ತೈತಿ," ಎಂದು ಅವರು ಮೊದಲ ದಿನ ಹೇಳಿದ್ದರು. "ಅದಕ್ಕ ಆ ಹೊತ್ತಿನ್ಯಾಗ ಕೈ ಕಟ್ಟಿ ಇಡತೇನಿ. ಗ್ಲೌಸ್ ಹಾಕ್ಕೊಂಡ ಕೈಲೆ ಪಾಕೀಟು ಹರಿಯಾಕ ಬರೂದಿಲ್ಲ."

ಎಲ್ಲರೂ ನಕ್ಕಿದ್ದರು. ಶಟ್ಟೆಪ್ಪನೂ ನಕ್ಕಿದ್ದ. ಸುಭೇದಾರರು ಅವನನ್ನು 'ಶಟ್ಟೆಪ್ಪ' ಎಂದು ಪೂರ್ತಿ ಹೆಸರಿಂದ ಕರೆಯುತ್ತಿದ್ದರು. ಮಾರುಕಟ್ಟೆಯಲ್ಲಿ ಅವನು ಬರೀ ಶಟ್ಟ್ಯಾ. ಆ ಒಂದು ಕಾರಣಕ್ಕೆ ಅವನು ಮೊಳೆಯನ್ನು ನುಂಗಿಕೊಂಡ.

ಅವನು ಹಮಾಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಸಾವಕಾರನ ಅಂಗಡಿಯಲ್ಲಿ ಚೀಲ ಹೊರುತ್ತಿದ್ದ. ಸೋಯಾ, ಕಡಲೆ, ಗೋವಿನಜೋಳ. ಜೊತೆಗಾರ ಹಮಾಲ ಮಹಾಂತಪ್ಪ ಅವನನ್ನು ಕಾಡದೆ ಬಿಡುತ್ತಿರಲಿಲ್ಲ.

"ಏನಲೇ ಶಟ್ಟ್ಯಾ, ಮುಂಜಾನಿಂದ ಚೀಲಾ ಹೊತ್ತದ್ದ ಸಾಲಲಿಲ್ಲೇನು? ಸಂಜೀಕ ಚೀಲಾ ಹೊಡಿಯಾಕ ಹೊಂಟೀಯಲ್ಲ?"

"ಇಷ್ಟ ವರ್ಷ ಅದು ನನ್ನ ಮ್ಯಾಲೆ ಹತ್ತಿ ಕುಂತೈತಿ. ಈಗ ಸೇಡ ತೀರಿಸಿಕೊಳ್ತೇನಿ."

"ತೀರಿಸ್ಕೋ ತೀರಿಸ್ಕೋ. ನನ್ನ ಪಾಲಿಂದೂ ಎರಡ ಹಾಕು."

ಗೋದಾಮಿನ ತೊಲೆಗೆ ತೂಗುಹಾಕಿದ್ದ ಹೊಡೆಯುವ ಚೀಲವನ್ನು ಶಟ್ಟೆಪ್ಪನೇ ತುಂಬಿ ಹೊಲಿದಿದ್ದ. ಆದರೆ ಹೊಡೆಯುವುದು ಅವನಿಗೆ ಸುಲಭವಾಗಿ ಬರಲಿಲ್ಲ. ಇಪ್ಪತ್ತು ವರ್ಷ ಚೀಲ ಹೊತ್ತ ಕುತ್ತಿಗೆ ಮುಂದಕ್ಕೆ ಬಾಗಿಯೇ ಇರುತ್ತಿತ್ತು.

"ಕೈ ಮ್ಯಾಲೆ. ಗದ್ದ ಒಳಗ. ಕಣ್ಣ ಎದರಿನವನ ಕಣ್ಣಾಗ ಇಡು," ಎನ್ನುತ್ತಿದ್ದರು ಸುಭೇದಾರರು.

ಕೈ ಮೇಲೆ ಬಂತು. ಗದ್ದವೂ ಒಳಗೆ ಹೋಯಿತು. ಕಣ್ಣು ಮಾತ್ರ ಎದುರಿನವನ ಎದೆಗಿಂತ ಮೇಲೆ ಏರಲು ಇಪ್ಪತ್ತೆರಡು ದಿನ ಹಿಡಿಯಿತು.

ಅವನಿಗೆ ತನ್ನ ಕೈಯ ಮೇಲೆಯೇ ನಂಬಿಕೆ ಇರಲಿಲ್ಲ. ಆ ಕೈ ಹದಿನಾಲ್ಕು ವರ್ಷ ರಾಚವ್ವನ ಮೈಮೇಲೆ ಬಿದ್ದಿತ್ತು. ಕಳೆದ ಯುಗಾದಿಯ ಮರುದಿನ ಅವಳ ಎಡಗಿವಿಗೆ ಬಿದ್ದ ಏಟಿಗೆ ಕಿವಿಯಿಂದ ರಕ್ತ ಬಂತು. ತಿಂಗಳುಗಟ್ಟಲೆ ಅವಳು, "ಒಳಗ ಕುಂಯ್ ಅಂತೈತಿ," ಎನ್ನುತ್ತಿದ್ದಳು. ಆಮೇಲೆ ಆ ಕಿವಿ ಕೇಳಿಸುವುದನ್ನೇ ಬಿಟ್ಟಿತು. ಮಗಳು ಶೀತಲಳನ್ನು ಕರೆದುಕೊಂಡು ಅವಳು ಮನೋಳಿಯ ತವರಿಗೆ ಹೋದಳು. ಅಲ್ಲಿ ಉಳ್ಳಾಗಡ್ಡಿ ಹೊಲದಲ್ಲಿ ಕೂಲಿ ಮಾಡುತ್ತಿದ್ದಳು.

ಕೇಂದ್ರಕ್ಕೆ ಸೇರಿದ ದಿನ ಅವನು ಫೋನು ಮಾಡಿದ. ಆ ಕಡೆ ಬಳೆಯ ಸದ್ದಾಯಿತು. ಫೋನನ್ನು ಬಲಗಿವಿಗೆ ಬದಲಿಸಿಕೊಳ್ಳುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು.

"ನೂರು ದಿನ ಕುಡೀದ ಇರು," ಎಂದಳು. "ನೀ ಹೇಳಿದ್ರ ನಾ ನಂಬೂದಿಲ್ಲ. ಕುಡದಿಲ್ಲ ಕುಡದಿಲ್ಲ ಅಂತ ಎಷ್ಟ ಸಲ ಹೇಳಿಯೋ ಏನೋ. ಸಾವಕಾರ ಹೇಳ್ಲಿ. ನಾಕ ಮಂದ್ಯಾಗ ಹೇಳ್ಲಿ. ಅಂದ ಬರತೇನಿ."

ಅವನು ಒಪ್ಪಿಕೊಂಡ. ಸಾವಕಾರನ ಬಾಯಿಯ ಒಂದು ಮಾತಿಗಾಗಿ ದಿನ ಎಣಿಸತೊಡಗಿದ. ಒಂಬತ್ತನೆಯ ದಿನ ಕೈಕಾಲು ನಡುಗಿ ಚೀಲ ಬಿಟ್ಟ. ಬೈಗುಳ ತಿಂದ. ಮೂವತ್ತೊಂದನೆಯ ದಿನ ವೈನ್ ಶಾಪಿನ ಮುಂದೆ ಹೋಗಿ ನಿಂತು, ಗ್ಲೌಸು ಹಾಕಿಕೊಂಡವನಂತೆ ಎರಡೂ ಮುಷ್ಟಿ ಬಿಗಿದುಕೊಂಡು ಹಿಂದಿರುಗಿದ.

ಕೇಂದ್ರದಲ್ಲಿ ಇನ್ನೊಂದು ಪದ್ಧತಿ ಬೆಳೆಯಿತು. ಉಳಿದವರು ಒಬ್ಬರಿಗೊಬ್ಬರು ಎದುರಾಗಿ ಆಡುತ್ತಿದ್ದರು. ಶಟ್ಟೆಪ್ಪ ಪ್ಯಾಡು ಹಿಡಿಯುತ್ತಿದ್ದ. ಹನ್ನೊಂದೂ ಮಂದಿ ಸರದಿಯಂತೆ ಬಂದು ಅವನು ಹಿಡಿದ ಪ್ಯಾಡಿಗೆ ಹೊಡೆದು ಹೋಗುತ್ತಿದ್ದರು. ಗುರಿ ತಪ್ಪಿದರೆ ಅವನ ಭುಜಕ್ಕೆ, ಪಕ್ಕೆಗೆ ಬೀಳುತ್ತಿತ್ತು. ಅವನ ಸರದಿ ಬರುವಷ್ಟರಲ್ಲಿ ಏಳು ಗಂಟೆಯಾಗುತ್ತಿತ್ತು.

ಒಂದು ಸಂಜೆ ಅವನು ಕೇಳಿಯೇ ಬಿಟ್ಟ. "ಸಾಹೇಬ್ರ, ನನಗೂ ಯಾರರ ಎದರಿಗೆ ನಿಲ್ಲಸ್ರಿ."

"ನಿನ್ನ ಕುತಿಗಿ ಗಟ್ಟಿ ಐತಿ, ಶಟ್ಟೆಪ್ಪ. ತಡಕೊಳ್ತಿ," ಎಂದರು ಸುಭೇದಾರರು. ಆಮೇಲೆ ಶಿಳ್ಳೆಯನ್ನು ಅಂಗಿಯ ತುದಿಯಿಂದ ಒರೆಸುತ್ತ ನಿಂತರು. ಅದು ಕೊಳೆಯಾಗಿರಲಿಲ್ಲ.

ಬಸವಲಿಂಗ ಕೆಟ್ಟವನಲ್ಲ. ಇಪ್ಪತ್ತಾರು ವರ್ಷದ ಹುಡುಗ. ಹೊಡೆಯುತ್ತ ಹೊಡೆಯುತ್ತ ಕೆಲವೊಮ್ಮೆ ಅಳಲು ಶುರುಮಾಡುತ್ತಿದ್ದ. ಆಗ ಶಟ್ಟೆಪ್ಪ ಪ್ಯಾಡನ್ನು ಇನ್ನಷ್ಟು ಹತ್ತಿರ ಹಿಡಿದು, "ಹೊಡೀರಿ ಸಣ್ಣ ಸಾವಕಾರ್ರ, ಹೊಡೀರಿ. ಇನ್ನ ಅರ್ಧಾ ತಾಸು ಹೋತಂದ್ರ ಇವತ್ತಿಂದ ದಿನ ಗೆದ್ದಂಗ," ಎನ್ನುತ್ತಿದ್ದ. ಬಸವಲಿಂಗ ತಲೆಯಾಡಿಸುತ್ತಿದ್ದ. ಆಟ ಮುಗಿದ ಮೇಲೆ ಎಲ್ಲರೂ ಕೊಡದಿಂದ ನೀರು ಕುಡಿಯುತ್ತಿದ್ದರು. ಶಟ್ಟೆಪ್ಪ ತನ್ನ ಬಾಟಲಿ ತೆಗೆಯುತ್ತಿದ್ದ. ಆಗ ಬಸವಲಿಂಗ ಬೇರೆ ಕಡೆ ನೋಡುತ್ತಿದ್ದ.

ನೂರನೆಯ ದಿನ ರವಿವಾರ ಬಂತು. ಶಟ್ಟೆಪ್ಪ ಮತ್ತು ಬಸವಲಿಂಗ ಒಂದೇ ವಾರ ಸೇರಿದವರು. ಗೋದಾಮಿನ ಮುಂದೆ ಶಾಮಿಯಾನ ಹಾಕಿಸಿ, ಮಂಚದಷ್ಟು ಎತ್ತರದ ಕಟ್ಟೆಗೆ ಹಗ್ಗ ಕಟ್ಟಿ ರಿಂಗು ಮಾಡಿದ್ದರು. ಮೊದಲು ಆಟ, ಆಮೇಲೆ ನೂರು ದಿನ ಮುಗಿಸಿದವರಿಗೆ ಸತ್ಕಾರ. ಮುಂದಿನ ಸಾಲಿನಲ್ಲಿ ಕಿತ್ತೂರಿನಿಂದ ಬಂದವರು ಕುಳಿತಿದ್ದರು. ಬಸವಲಿಂಗನಿಗೆ ಹೆಣ್ಣು ಕೊಡುವ ಮಾತಿತ್ತು. ಹುಡುಗ ನೆಟ್ಟಗಾಗಿದ್ದಾನೋ ಇಲ್ಲವೋ ಎಂದು ಕಣ್ಣಿಂದ ನೋಡಲು ಬಂದಿದ್ದರು.

ಹಿಂದಿನ ಕಂಬದ ಹತ್ತಿರ ರಾಚವ್ವ ನಿಂತಿದ್ದಳು. ಕುರ್ಚಿ ಖಾಲಿ ಇದ್ದರೂ ಕೂತಿರಲಿಲ್ಲ. ಹಸಿರು ಸೀರೆ ಉಟ್ಟಿದ್ದಳು. ಬಲಗಿವಿ ಮೈಕಿನ ಕಡೆ ಇರುವಂತೆ ಸ್ವಲ್ಪ ಓರೆಯಾಗಿ ನಿಂತಿದ್ದಳು. ಶಟ್ಟೆಪ್ಪ ದೂರದಿಂದ ನೋಡಿದ. ಹತ್ತಿರ ಹೋಗಲಿಲ್ಲ. ಮಾತು ಮೊದಲು ಸಾವಕಾರನ ಬಾಯಿಂದ ಬರಲಿ ಎಂದುಕೊಂಡ.

ಸಾವಕಾರ ಅವನನ್ನು ಗೋದಾಮಿನ ಒಳಗೆ ಕರೆದ. ಸುಭೇದಾರರೂ ಅಲ್ಲಿಯೇ ಇದ್ದರು.

"ಶಟ್ಟ್ಯಾ, ಇಲ್ಲಿ ಕೇಳು. ಬಸವನ ಎದರಿಗೆ ನೀ ನಿಲ್ಲಬೇಕು."

ಶಟ್ಟೆಪ್ಪನ ಎದೆ ಒಮ್ಮೆ ಹಿಗ್ಗಿತು.

"ಉಳದವ್ರ ಮನ್ಯಾಗ ಒಪ್ಪವಲ್ರು, ಮಂದ್ಯಾಗ ಪೆಟ್ಟ ತಿನ್ನಾಕ. ನಿನಗೇನು, ರೂಢಿ ಐತಿ. ಎರಡನೇ ರೌಂಡಿನ್ಯಾಗ ಬೀಳು. ಕೈ ಎತ್ತಬ್ಯಾಡ."

"ಕೈ ಎತ್ತಲಿಲ್ಲಂದ್ರ ಮಾರಿ ಒಡೀತೈತ್ರಿ ಸಾವಕಾರ್ರ."

"ಒಡದ್ರ ಕಂಪೌಂಡರ ಅದಾನ. ನಿನ್ನ ಕೈ ನನ್ನ ಮಗನ ಮಾರಿಗೆ ಮುಟ್ಟಬಾರದು. ಬೀಗರು ಕುಂತಾರ. ಅವರ ಮುಂದ ನಿನ್ನ ಕಡಿಂದ ಬಡಿಸಿಕೊಂಡ್ರ ಏನ ಉಳೀತು?" ಸಾವಕಾರ ದನಿ ತಗ್ಗಿಸಿದ. "ಬಿದ್ದ ಮ್ಯಾಲೆ ನಾನ ಮೈಕಿನ್ಯಾಗ ಹೇಳ್ತೇನಿ, ಇಂವ ನೂರು ದಿನ ಹನಿ ಮುಟ್ಟಿಲ್ಲ ಅಂತ. ನಿನ್ನ ಹೇಂತಿ ಬಂದಾಳಿಲ್ಲೋ?"

"ಬಂದಾಳ್ರಿ."

ಶಟ್ಟೆಪ್ಪ ಸುಭೇದಾರರನ್ನು ನೋಡಿದ. ನೂರು ದಿನ 'ಕೈ ಮ್ಯಾಲೆ' ಎಂದು ಕೂಗಿದ ಬಾಯಿ ಅದು. ಅವರು ಶಿಳ್ಳೆಯ ದಾರದ ಗಂಟು ಬಿಡಿಸುತ್ತಿದ್ದರು.

ಗಂಟೆ ಹೊಡೆಯಿತು. ಬಸವಲಿಂಗ ಹೊಡೆದ. ಮೊದಲು ಮೆಲ್ಲಗೆ, ಆಮೇಲೆ ಜನ ಚಪ್ಪಾಳೆ ತಟ್ಟಿದಂತೆಲ್ಲ ಜೋರಾಗಿ. ಶಟ್ಟೆಪ್ಪನ ಕೈ ತೊಡೆಯ ಪಕ್ಕದಲ್ಲಿಯೇ ಇತ್ತು. ಮೂಗಿಗೆ ಬಿತ್ತು. ತುಟಿ ಒಡೆಯಿತು. ಒಂದು ಏಟು ಎಡಗಿವಿಗೆ ಬಿತ್ತು.

ಕಿವಿಯೊಳಗೆ ಕುಂಯ್ ಎಂದಿತು.

ಅವನು ಹಾಗೆಯೇ ನಿಂತ. ಸದ್ದು ನಿಲ್ಲಲಿಲ್ಲ. ಇದೇ ಸದ್ದು, ಎಂದುಕೊಂಡ. ಅವಳು ಇದನ್ನೇ ಹೇಳುತ್ತಿದ್ದಳು. ತಿಂಗಳುಗಟ್ಟಲೆ ಇದನ್ನು ತಲೆಯೊಳಗೆ ಇಟ್ಟುಕೊಂಡು ಅವಳು ರೊಟ್ಟಿ ಬಡಿದಳು, ಕೂಲಿಗೆ ಹೋದಳು, ನನ್ನ ವಾಂತಿ ಬಳಿದಳು. ನಾನು 'ಸುಮ್ಮನಿರಲೇ' ಎಂದಿದ್ದೆ. ಆಮೇಲಿನ ಏಟುಗಳನ್ನು ಅವನು ಸಾವಕಾರನ ಮಾತಿಗಾಗಿ ತಿನ್ನಲಿಲ್ಲ.

ಎರಡನೆಯ ರೌಂಡು ಬಂತು. ಬೀಳಬೇಕಾಗಿತ್ತು. ಬೀಳಲು ಆಗಲಿಲ್ಲ. ಕ್ವಿಂಟಲ್ ಚೀಲ ಹೊತ್ತು ಲಾರಿಯ ಹಲಗೆ ಏರುವ ಕಾಲು ಅವು. ಬೀಳಬಾರದು ಎಂಬುದೊಂದನ್ನೇ ಇಪ್ಪತ್ತು ವರ್ಷ ಕಲಿತಿದ್ದವು. ಮೊಣಕಾಲು ಮಡಚಲು ನೋಡಿದ. ಮಡಚಿ ಮತ್ತೆ ನೆಟ್ಟಗೆ ನಿಂತ. ಸಾವಕಾರ ಕೆಳಗಿನಿಂದ ಕೈ ಸನ್ನೆ ಮಾಡುತ್ತಿದ್ದ, ಬೀಳು, ಬೀಳು. ಬಸವಲಿಂಗನ ಉಸಿರು ಕಟ್ಟುತ್ತಿತ್ತು. "ಬೀಳೋ ಶಟ್ಟ್ಯಾ," ಎಂದು ಹಲ್ಲು ಕಚ್ಚಿ ಬೇಡಿಕೊಂಡ. "ನಂಗ ಆಗವಲ್ತು. ಬೀಳೋ."

ಅವನು ಮೈಯ ಭಾರವನ್ನೆಲ್ಲ ಹಾಕಿ ಕೊನೆಯ ಏಟು ಬೀಸಿದ. ಶಟ್ಟೆಪ್ಪನ ಕೈ ಮೇಲೆ ಬಂತು. ಅವನು ಎತ್ತಲಿಲ್ಲ, ಅದೇ ಬಂತು. ಗದ್ದ ಒಳಗೆ ಹೋಯಿತು. ಕಣ್ಣು ಎದುರಿನವನ ಕಣ್ಣಲ್ಲಿ ನೆಟ್ಟಿತು. ಬಸವಲಿಂಗನ ಏಟು ಮೊಣಕೈಗೆ ಬಡಿದು ಜಾರಿತು. ಜಾರಿದ ಭರಕ್ಕೆ ಅವನ ಮುಖ ಶಟ್ಟೆಪ್ಪನ ಗ್ಲೌಸಿಗೆ ಬಂದು ಒರಗಿತು. ಅಲ್ಲಿಂದ ಹಗ್ಗಕ್ಕೆ, ಹಗ್ಗದಿಂದ ನೆಲಕ್ಕೆ ಬಿದ್ದ.

ಚಪ್ಪಾಳೆ ನಿಂತಿತು. ಕಿತ್ತೂರಿನ ಹಿರಿಯರೊಬ್ಬರು ಎದ್ದು ನಿಂತರು.

ಸಾವಕಾರ ಮೈಕು ಕಸಿದುಕೊಂಡ. "ಕುಡದ ಬಂದಾನ! ಕುಡದ ಬಂದಾನಿಂವ. ಇಳಸ್ರಿ ಕೆಳಗ! ಎಷ್ಟ ತಿದ್ದಿದ್ರೂ ಈ ಜಾತಿ ಬುದ್ಧಿ ಹೋಗೂದಿಲ್ಲ."

ರಾಚವ್ವನ ಬಲಗಿವಿ ಮೈಕಿನ ಕಡೆಗೇ ಇತ್ತು.

ಶಟ್ಟೆಪ್ಪ ಕಟ್ಟೆಯಿಂದ ಇಳಿದ. ನೆಲ ಓರೆಯಾಗಿ ಕಂಡಿತು. ಎಡಕ್ಕೆ ವಾಲಿದ. ಕಂಬ ಹಿಡಿದ. ಮತ್ತೆ ಎರಡು ಹೆಜ್ಜೆ ಬಲಕ್ಕೆ ಹೋದ. ಕಂಪೌಂಡರ ಅವನನ್ನು ಗೋದಾಮಿನೊಳಗೆ ಕೂರಿಸಿ, ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ತುಟಿ ಒರೆಸಿದ. ಆ ವಾಸನೆ ಅವನ ಮೂಗಿಗೆ ಬಡಿಯಿತು. ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಹಿಡಿದುಕೊಂಡ.

ರಾಚವ್ವ ಬಾಗಿಲಲ್ಲಿ ನಿಂತು ನೋಡಿದಳು. ಹದಿನಾಲ್ಕು ವರ್ಷ ಆ ನಡಿಗೆಯನ್ನು ನೋಡಿದವಳು. ಅದರ ಒಂದೊಂದು ಹೆಜ್ಜೆ ಎಲ್ಲಿ ಬೀಳುತ್ತದೆ ಎಂದು ಬಲ್ಲವಳು. ಹತ್ತಿರ ಬಂದು ಬಗ್ಗಿದಳು. ಮೂಸಿದಳು. ನೆಟ್ಟಗೆ ನಿಂತಳು.

"ಕುಡದಿಲ್ಲ, ರಾಚಿ," ಎಂದ ಶಟ್ಟೆಪ್ಪ. ಒಡೆದ ತುಟಿಯಿಂದ ಮಾತು ತೊದಲಿತು. "ಇದು ಸ್ಪಿರಿಟ ವಾಸನಿ. ನಾ ಕುಡದಿಲ್ಲ."

ಅದೇ ಮಾತು. ಪ್ರತಿ ರಾತ್ರಿ ಬಾಗಿಲಲ್ಲಿ ನಿಂತು ಹೇಳುತ್ತಿದ್ದದ್ದು ಇದನ್ನೇ, ಇದೇ ತೊದಲು ನಾಲಿಗೆಯಿಂದ. ಬೇರೆ ಮಾತು ಅವನ ಹತ್ತಿರ ಇರಲಿಲ್ಲ.

ಅವಳು ಸುಭೇದಾರರ ಕಡೆ ತಿರುಗಿದಳು. "ಸಾಹೇಬ್ರ, ನೀವು ದೊಡ್ಡಾವ್ರು. ದಿನಾ ನೋಡೀರಿ. ಇಂವ ಕುಡದಾನೋ ಇಲ್ಲೋ? ಒಂದ ಮಾತ ಹೇಳ್ರಿ."

ಕುಡಿದಿಲ್ಲ ಎಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು. ಹಾಗಾದರೆ ಯಾಕೆ ಹೀಗೆ ತೂರಾಡುತ್ತಾನೆ? ಯಾಕೆ ಕೈ ಕೆಳಗೆ ಬಿಟ್ಟು ನಿಂತಿದ್ದ? ಬಾಗಿಲಲ್ಲಿ ಸಾವಕಾರ ಬಂದು ನಿಂತಿದ್ದ. ಅವನ ಹಿಂದೆ ಕಿತ್ತೂರಿನವರು. ಸುಭೇದಾರರು ಬಾಯಿ ತೆರೆದರು. ರಾಚವ್ವ ಕಾದಳು. ಹೊರಗೆ ಯಾರೋ ಕುರ್ಚಿ ಎಳೆದರು. ಸುಭೇದಾರರು ಬಾಯಿ ಮುಚ್ಚಿದರು.

"ಅವರೇನ ಹೇಳ್ತಾರ? ನಾ ಹೇಳೇನಲ್ಲ," ಎಂದ ಸಾವಕಾರ. ಒಂದು ಹಾಳೆ ತಂದು ಶಟ್ಟೆಪ್ಪನ ಮುಂದಿಟ್ಟ. 'ಈ ದಿನ ನಾನು ಮದ್ಯ ಸೇವಿಸಿ ಬಂದು ತಪ್ಪು ಮಾಡಿದ್ದೇನೆ' ಎಂದು ಬರೆದಿತ್ತು. "ಸಹಿ ಹಾಕು. ಬೀಗರಿಗೆ ತೋರಸಬೇಕು. ನಾ ಏನೂ ಮನಸ್ಸಿನ್ಯಾಗ ಇಟ್ಕೊಳ್ಳೂದಿಲ್ಲ. ನಾಳೆ ಮುಂಜಾನೆ ಕೆಲಸಕ್ಕ ಬಾ, ಸಂಜೀಕ ಇಲ್ಲಿಗೆ ಬಾ. ಮತ್ತ ಒಂದನೇ ದಿನದಿಂದ ಶುರು ಮಾಡ್ಕೊ. ಇಲ್ಲಂದ್ರ ಅಂಗಡಿ ಕಟ್ಟಿ ಹತ್ತಬ್ಯಾಡ."

ಶಟ್ಟೆಪ್ಪ ಹಾಳೆಯನ್ನು ನೋಡಿದ. ಅಕ್ಷರಗಳು ಎರಡೆರಡಾಗಿ ಕಂಡವು.

ರಾಚವ್ವ ಅವನ ಎದುರು ಕುಕ್ಕರಗಾಲಲ್ಲಿ ಕೂತಳು. ಬಲಗಿವಿಯನ್ನು ಅವನ ಬಾಯಿಯ ಹತ್ತಿರ ತಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಹೌದನ್ನು. ಜನ್ಮದಾಗ ಒಂದ ಸಲರ ಖರೇ ಹೇಳು. ತೊಂಬತ್ತೊಂಬತ್ತ ದಿನ ಬಿಟ್ಟಿದ್ದಿ, ಇವತ್ತ ಕುಡದಿ. ಆಗ್ತೈತಿ. ನಾ ಕುಡಕನ ಕೂಡ ಬಾಳೇ ಮಾಡೇನಿ, ಇನ್ನೂ ಮಾಡ್ತೇನಿ. ಸುಳ್ಳನ ಕೂಡ ಆಗೂದಿಲ್ಲ. ಕುಡದೇನಿ ಅನ್ನು. ಇವತ್ತ ಮನಿಗೆ ಬರತೇನಿ. ನಾಳೆ ಶೀತಲಾನ್ನ ಕರಕೊಂಡ ಬರ್ತೇನಿ."

ಅಷ್ಟೇ ಸಾಕಾಗಿತ್ತು. ಒಂದು ಸುಳ್ಳು. ಅವನು ಹೇಳಿದ ಸಾವಿರ ಸುಳ್ಳುಗಳಲ್ಲಿ ಇದೊಂದು. ಹೇಳಿದರೆ ಹೆಂಡತಿ, ಮಗಳು, ಕೆಲಸ, ಮೊಳೆಯ ಮೇಲಿನ ಗ್ಲೌಸು, ಎಲ್ಲ ಸಿಗುತ್ತಿತ್ತು. ಅವನು ರಾಚವ್ವನ ಕಿವಿಯನ್ನು ನೋಡಿದ. ತೂತಿನಲ್ಲಿ ಬೆಂಡೋಲೆ ಇರಲಿಲ್ಲ, ಕಡ್ಡಿ ಇತ್ತು. ಬೆಂಡೋಲೆಯನ್ನೂ ಅವನೇ ಕುಡಿದಿದ್ದ.

"ಕುಡದಿಲ್ಲ," ಎಂದ.

"ಹಂಗನಬ್ಯಾಡೋ."

"ಕುಡದಿಲ್ಲ ರಾಚಿ. ನೂರು ದಿನ ನಾ ಒಬ್ಬನ ತಡದೇನಿ. ಇವರ್ಯಾರೂ ತಡೀಲಿಲ್ಲ. ಆ ದಿನಗೋಳನ್ನ ಇವರ ಕೈಯಾಗ ಹೆಂಗ ಕೊಡ್ಲಿ? ನನ್ನ ಕಡೆ ಅದ ಒಂದ ಐತಿ." ಸಾವಕಾರನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ನೀವು ಕೈ ಎತ್ತಬ್ಯಾಡ ಅಂದ್ರಿ. ಎತ್ತಿದೆ. ಅದು ತಪ್ಪಂತ ಬರಕೊಂಡ ಬರ್ರಿ, ಸಹಿ ಹಾಕ್ತೇನಿ. ಇದಕ್ಕ ಹಾಕೂದಿಲ್ಲ."

ಹಾಳೆಯನ್ನು ಮಡಚದೆ, ಹರಿಯದೆ, ಹಾಗೆಯೇ ನೆಲದ ಮೇಲೆ ಬಿಟ್ಟು ಎದ್ದ. ಏಳುವಾಗ ಮತ್ತೆ ವಾಲಿದ. ಕಿತ್ತೂರಿನವರಲ್ಲಿ ಒಬ್ಬ ನಕ್ಕ.

ರಾಚವ್ವ ಆಗಲೇ ಹೊರಗೆ ಹೋಗಿದ್ದಳು.

ಬಸ್ ನಿಲ್ದಾಣದವರೆಗೆ ಅವನು ಅವಳ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ನಡೆದ. ಕರೆಯಲಿಲ್ಲ. ಅವಳು ತಿರುಗಿ ನೋಡಲಿಲ್ಲ. ಆದರೆ ರಸ್ತೆ ದಾಟುವಲ್ಲಿ ಲಾರಿ ಬಂದಾಗ, ಅವನು ದಾಟುವವರೆಗೆ ಆ ಬದಿಯಲ್ಲಿ ನಿಂತಳು. ದಾಟಿದ ಮೇಲೆ ಮತ್ತೆ ನಡೆದಳು.

ಮನೋಳಿಯ ಕಡೆ ಹೋಗುವ ಬಸ್ಸು ನಿಂತಿತ್ತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಶಟ್ಟೆಪ್ಪ ಕೆಳಗೆ ನಿಂತ. ಕಂಡಕ್ಟರ ಸೀಟಿ ಊದಿದ ಮೇಲೆ ಅವಳು ಚೀಲಕ್ಕೆ ಕೈ ಹಾಕಿ ಬಟ್ಟೆಯ ಗಂಟೊಂದನ್ನು ತೆಗೆದು ಕಿಟಕಿಯಿಂದ ಹೊರಗೆ ಚಾಚಿದಳು.

"ರೊಟ್ಟಿ ಅದಾವು. ಇಬ್ಬರಿಗೂ ಅಂತ ತಂದಿದ್ದೆ." ಅವಳ ಕಣ್ಣು ಅವನ ತುಟಿಯ ಮೇಲಿತ್ತು. "ಈಗ ತಿನ್ನು. ಕುಡದ ಹೊಟ್ಟಿ ಬರೇ ಬಿಟ್ರ ಸುಡತೈತಿ."

ಅವನು ಎರಡೂ ಕೈಯಿಂದ ಗಂಟು ಇಸಿದುಕೊಂಡ. ಏನೋ ಹೇಳಲು ಹೋದ. ಬಸ್ಸು ಹೊರಟಿತು. ಕಿಟಕಿಯಲ್ಲಿ ಅವಳ ಎಡಗಿವಿ ಅವನ ಕಡೆಗಿತ್ತು. ಅದಕ್ಕೆ ಏನೂ ಕೇಳಿಸುವಂತಿರಲಿಲ್ಲ.

ರಸ್ತೆಯಾಚೆ ವೈನ್ ಶಾಪು ತೆರೆದಿತ್ತು. ಶಟ್ಟೆಪ್ಪ ಅದಕ್ಕೆ ಬೆನ್ನು ಹಾಕಿ ಕಟ್ಟೆಯ ಮೇಲೆ ಕೂತು ಗಂಟು ಬಿಚ್ಚಿದ. ಜೋಳದ ರೊಟ್ಟಿ, ಕೆಂಪು ಖಾರದ ಹಿಂಡಿ ಚಟ್ನಿ. ಮುರಿದು ಬಾಯಿಗಿಟ್ಟ. ಖಾರ ಒಡೆದ ತುಟಿಗೆ ತಾಗಿ ಕಣ್ಣಲ್ಲಿ ನೀರು ಬಂತು. ಹೋಗಿಬರುವ ಮಂದಿ ಅವನನ್ನು ನೋಡಿ ಒಂದಿಷ್ಟು ದೂರ ಸರಿದು ನಡೆದರು. ಅವನು ಅಗಿದ. ನುಂಗಿದ. ಇನ್ನೊಂದು ತುತ್ತು ಮುರಿದ.